ಒಂದು ‘ಹೂಂ’ಗಾಗಿ ಇನ್ನೂರು ಪುಟ

ನಮ್ಮೂರು ತಿಪಟೂರಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹತ್ತಡಿ ಅಗಲದ ಮಳಿಗೆ. ಗೋಡೆಯುದ್ದಕ್ಕೂ ಕಾಕಿ ಬಣ್ಣದ ರಟ್ಟು ಹಾಕಿದ ಕಾದಂಬರಿಗಳು. ಒಂದು ಪುಸ್ತಕಕ್ಕೆ ದಿನಕ್ಕೆ 25 ಪೈಸೆ ಬಾಡಿಗೆ. ಅಮ್ಮನಿಗೆ ಪುಸ್ತಕ ತಂದುಕೊಡುವ ಕೆಲಸ ನನ್ನದು. ನನಗಾಗ ಹತ್ತು ವರ್ಷ ಇರಬೇಕು.

ಹೊರಡುವಾಗ ಅಮ್ಮ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು. “17ನೇ ಪುಟ ನೋಡ್ಕೊಂಡು ತಗೊಂಡು ಬಾ.” ಆ ಪುಟದ ಸಂಖ್ಯೆಯ ಕೆಳಗೆ ಸಣ್ಣದೊಂದು ಪೆನ್ಸಿಲ್ ಚುಕ್ಕೆ ಇದ್ದರೆ ಅಮ್ಮ ಅದನ್ನು ಓದಿದ್ದಾಳೆ ಅಂತ ಅರ್ಥ. ಚುಕ್ಕೆ ಇಲ್ಲದಿದ್ದರೆ ತರಬಹುದು. ಪುಟ ತಿರುಗಿಸುವಾಗ ಬೇರೆ ಗುರುತುಗಳೂ ಕಾಣುತ್ತಿದ್ದವು. ಯಾರೋ 25ನೇ ಪುಟದಲ್ಲಿ ಸಣ್ಣ ಓಂಕಾರ ಬರೆದಿದ್ದರು. ಇನ್ಯಾರೋ ಕೊನೆಯ ಪುಟದ ಮೂಲೆಯಲ್ಲಿ ಅರ್ಧಚಂದ್ರ ಹಾಕಿದ್ದರು. ಊರಿನ ಎಷ್ಟೊಂದು ಮನೆಗಳ ಹೆಂಗಸರು ಒಂದೇ ಪುಸ್ತಕದೊಳಗೆ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬಂದು ಹೋಗಿದ್ದರು ಅಂತ ಈಗ ಅನ್ನಿಸುತ್ತದೆ. ಅವರೆಲ್ಲ ಓದುತ್ತಿದ್ದದ್ದು ಹೆಚ್ಚಾಗಿ ಪ್ರೀತಿಯ ಕಥೆಗಳನ್ನೇ.

ಊಟ ಮುಗಿದು, ಪಾತ್ರೆ ತೊಳೆದು, ನಾಲ್ಕು ಗಂಟೆಯ ಕಾಫಿಗೆ ಹಾಲಿಡುವವರೆಗೆ ಅಮ್ಮನಿಗೆ ಒಂದೂವರೆ ಗಂಟೆ ಸಿಗುತ್ತಿತ್ತು. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಓದುವಾಗ ಅವಳ ಮುಖ ನೋಡುವುದು ನನಗೆ ಇಷ್ಟ. ಅಡುಗೆಮನೆಯಲ್ಲಿ ನಾನು ನೋಡುತ್ತಿದ್ದ ಮುಖ ಅದಲ್ಲ. ಹುಬ್ಬು ಗಂಟು ಹಾಕುತ್ತಿದ್ದಳು, ತುಟಿ ಕಚ್ಚುತ್ತಿದ್ದಳು, ಒಮ್ಮೊಮ್ಮೆ ಪುಸ್ತಕ ಮಡಿಲಲ್ಲಿ ಮಗುಚಿಟ್ಟು ತೆಂಗಿನ ಮರಗಳ ಕಡೆ ನೋಡುತ್ತಾ ಕೂತುಬಿಡುತ್ತಿದ್ದಳು. ಅಜ್ಜಿ ಒಳಗಿನಿಂದ ಕರೆದರೂ ಕೇಳಿಸುತ್ತಿರಲಿಲ್ಲ.

ಅಷ್ಟು ಗಟ್ಟಿಯಾಗಿ ಅವಳನ್ನು ಹಿಡಿದುಕೊಂಡಿದ್ದು ಏನು ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸುಲಭದ ಉತ್ತರಗಳು ಬೇಕಾದಷ್ಟಿವೆ. ಪ್ರೀತಿ ಎಲ್ಲರಿಗೂ ಬೇಕು, ಕಥೆಯಲ್ಲಾದರೂ ಸಿಗಲಿ ಅಂತ ಓದುತ್ತಾರೆ ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಆದರೆ ಅಮ್ಮನ ಮದುವೆ ಹೇಗಾಯಿತು ಅಂತ ಗೊತ್ತಾದ ಮೇಲೆ ಆ ಉತ್ತರ ಸಾಲದು ಅನ್ನಿಸಿತು.

1971ರಲ್ಲಿ ಅಮ್ಮನನ್ನು ನೋಡಲು ಅಪ್ಪನ ಮನೆಯವರು ಬಂದರು. ಅವಳಿಗೆ 19 ವರ್ಷ. ಕೇಸರಿಬಾತು, ಉಪ್ಪಿಟ್ಟು, ಕಾಫಿ. ಅವಳು ತಟ್ಟೆ ಹಿಡಿದು ಬಂದು, ನಮಸ್ಕಾರ ಮಾಡಿ, ಒಂದು ದೇವರನಾಮ ಹಾಡಿ ಒಳಗೆ ಹೋದಳು. ಸಂಜೆ ತಾತ ಪೇಟೆಯಿಂದ ಎಲೆ ಅಡಿಕೆ, ತೆಂಗಿನಕಾಯಿ ತಂದು ನಡುಮನೆಯಲ್ಲಿ ಇಟ್ಟರು. ಅದನ್ನು ನೋಡಿಯೇ ಅವಳಿಗೆ ತಿಳಿದದ್ದು, ಮದುವೆ ನಿಶ್ಚಯವಾಗಿದೆ ಅಂತ. “ಯಾರೂ ಏನೂ ಕೇಳಲಿಲ್ವಾ?” ಅಂದಿದ್ದೆ ನಾನು. “ಕೇಳೋದೇನು? ಒಳ್ಳೇ ಮನೆ, ಒಳ್ಳೇ ಜನ” ಅಂದಳು. ದೂರಿನ ದನಿ ಇರಲಿಲ್ಲ. ಅಪ್ಪ ನಿಜಕ್ಕೂ ಒಳ್ಳೆಯವರು. ಅಪ್ಪನನ್ನೂ ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ಹೇಳಿದರು, ಅಪ್ಪ ಬಂದು ಕೂತರು, ಅಷ್ಟೇ.

ಅಮ್ಮನದು ಅಪರೂಪದ ಕಥೆಯೇನಲ್ಲ. 2011–12ರಲ್ಲಿ ದೇಶದ ಉದ್ದಗಲಕ್ಕೂ ನಡೆದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ, ಗಂಡನನ್ನು ತಾವೊಬ್ಬರೇ ಆರಿಸಿಕೊಂಡೆವು ಎಂದ ಹೆಂಗಸರು ಸುಮಾರು ಶೇ 5ರಷ್ಟು ಮಾತ್ರ. ಉಳಿದವರ ಬದುಕಿನಲ್ಲಿ ಮನೆಯವರ ಮಾತು ಇತ್ತು, ಅಥವಾ ಮನೆಯವರ ಮಾತು ಮಾತ್ರ ಇತ್ತು.

ಈಗ ಪ್ರೀತಿಯ ಕಾದಂಬರಿಯೊಂದನ್ನು ನೆನಪಿಸಿಕೊಳ್ಳಿ. ಒಬ್ಬಳು ಹುಡುಗಿ ಇದ್ದಾಳೆ. ಅವಳು ‘ಹೂಂ’ ಅನ್ನುತ್ತಾಳಾ, ‘ಊಹೂಂ’ ಅನ್ನುತ್ತಾಳಾ? ಆ ಒಂದು ಮಾತಿಗಾಗಿ ಇನ್ನೂರು ಪುಟ ಕಾಯುತ್ತದೆ. ಅವಳ ಅಪ್ಪ ಕಾಯುತ್ತಾನೆ, ಅವನು ಕಾಯುತ್ತಾನೆ, ಓದುವ ನಾವೂ ಕಾಯುತ್ತೇವೆ. ಮಳೆ ಬಂದರೂ ಅದಕ್ಕಾಗಿ, ಕಾಗದ ತಡವಾಗಿ ಬಂದರೂ ಅದಕ್ಕಾಗಿ. ಅಮ್ಮನ ಬದುಕಿನಲ್ಲಿ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಆಗಿಹೋದ ನಿರ್ಧಾರಕ್ಕೆ ಅಲ್ಲಿ ಇಡೀ ಒಂದು ಪುಸ್ತಕದಷ್ಟು ಜಾಗ. ಮೆಟ್ಟಿಲ ಮೇಲೆ ಕೂತ ಅವಳಿಗೆ ಬೇಕಾಗಿದ್ದದ್ದು ಬೇರೊಬ್ಬ ಗಂಡ ಅಲ್ಲ, ಆ ಜಾಗ ಅಂತ ನನಗೆ ಅನ್ನಿಸುತ್ತದೆ.

ಅಮ್ಮ ಮೂರೋ ನಾಲ್ಕೋ ಸಲ ಓದಿದ ಕಾದಂಬರಿ ತ್ರಿವೇಣಿಯವರ ‘ಬೆಳ್ಳಿಮೋಡ’. ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಮೋಹನ ಎಂಬ ಹುಡುಗನಿಗೆ ಅವಳನ್ನು ಕೊಡುವುದೆಂದು ಗೊತ್ತಾಗುತ್ತದೆ. ಇಂದಿರಾಳ ತಂದೆಯೇ ಹಣ ಕೊಟ್ಟು ಅವನನ್ನು ವಿದೇಶಕ್ಕೆ ಓದಲು ಕಳಿಸುತ್ತಾರೆ. ಅವನು ಅಲ್ಲಿರುವಾಗ ಇಂದಿರಾಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಈಗ ಅವಳೊಬ್ಬಳದಲ್ಲ. ತಿರುಗಿ ಬಂದ ಮೋಹನನ ಮನಸ್ಸೂ ತಿರುಗುತ್ತದೆ. ಮದುವೆ ಮುರಿಯುತ್ತದೆ. ಆಮೇಲೆ ಪೆಟ್ಟು ಬಿದ್ದು ಮಲಗಿದ ಅವನನ್ನು ಇಂದಿರಾಳೇ ನೋಡಿಕೊಳ್ಳುತ್ತಾಳೆ. ಅವನಿಗೆ ತನ್ನ ತಪ್ಪು ಅರ್ಥವಾಗುತ್ತದೆ, ಈ ಸಲ ನಿಜವಾಗಿ ಪ್ರೀತಿ ಹುಟ್ಟುತ್ತದೆ. ಕೇಳುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ.

ಒಬ್ಬರನ್ನೊಬ್ಬರು ಸೇರುವುದೇ ಪ್ರೇಮಕಥೆಯ ಸೆಳೆತವಾಗಿದ್ದರೆ ಈ ಕಾದಂಬರಿ ಓದುಗರನ್ನು ನಿರಾಸೆ ಮಾಡಬೇಕಿತ್ತು. ಆಗಿದ್ದು ಬೇರೆ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಸಿನಿಮಾಕ್ಕೆ ಇದೇ ಕಥೆ ಆರಿಸಿಕೊಂಡರು. 1967ರಲ್ಲಿ ಬಂದ ಆ ಸಿನಿಮಾದ ಇಂದಿರಾ ಆಗಿ ಕಲ್ಪನಾ ಮನೆಮಾತಾದರು. ಅದನ್ನು ನೋಡಲು ತ್ರಿವೇಣಿಯವರು ಇರಲಿಲ್ಲ. ಮನಃಶಾಸ್ತ್ರ ಓದಿಕೊಂಡಿದ್ದ, ಹೆಣ್ಣಿನ ಮನಸ್ಸನ್ನು ಅಷ್ಟು ಹತ್ತಿರದಿಂದ ಬರೆದ ಆ ಲೇಖಕಿ 35 ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಅಮ್ಮನೂ ಕಾಂಪೌಂಡಿನ ಆಚೆಯ ಮನೆಯ ಅತ್ತೆಯೂ (ಸ್ವಂತ ಅತ್ತೆ ಅಲ್ಲ, ನಾವು ಹಾಗೆ ಕರೆಯುತ್ತಿದ್ದೆವು) ಇಂದಿರಾಳ ವಿಷಯದಲ್ಲಿ ಎಷ್ಟು ಸಲ ವಾದ ಮಾಡಿದ್ದಾರೋ ಲೆಕ್ಕವಿಲ್ಲ. ಅತ್ತೆಗೆ ಇಂದಿರಾ ಒಪ್ಪಬೇಕಿತ್ತು. “ತಪ್ಪು ಒಪ್ಕೊಂಡು ಬಂದ ಮೇಲೂ ಹಾಗಂದ್ರೆ ಹೇಗೆ? ಒಂಟಿಯಾಗಿ ಎಷ್ಟು ದಿನ ಇರ್ತಾಳೆ?” ಅಮ್ಮನದು ಒಂದೇ ಉತ್ತರ. “ಅವನು ಬಿಟ್ಟು ಹೋಗುವಾಗ ಇವಳನ್ನ ಕೇಳಿದ್ನಾ?” ಗೋಡೆಯ ಈಚೆ ಆಚೆ ನಿಂತು, ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡು, ಇಲ್ಲದ ಒಬ್ಬ ಹುಡುಗಿಯ ಬದುಕಿನ ಬಗ್ಗೆ ಇಬ್ಬರು ಹೆಂಗಸರು ನ್ಯಾಯ ತೀರ್ಮಾನ ಮಾಡುತ್ತಿದ್ದರು. ಮನೆಯಲ್ಲಿ ಯಾರ ಮದುವೆಯ ಮಾತು ಬಂದರೂ ಅವರು ಹೀಗೆ ಬಾಯಿಬಿಟ್ಟು ಮಾತಾಡಿದ್ದು ನಾನು ಕಂಡಿಲ್ಲ. ಇಂದಿರಾಳ ಹೆಸರಿನಲ್ಲಿ ಮಾತ್ರ ಅದು ಸಾಧ್ಯವಾಗುತ್ತಿತ್ತು. ಕಥೆಯ ನೆಪದಲ್ಲಿ ಎಂಥೆಂಥ ದೊಡ್ಡ ಪ್ರಶ್ನೆ ಕೇಳಿಬಿಡಬಹುದು ನೋಡಿ. ಪ್ರೀತಿಸಿದವನೇ ಆದರೂ ಬೇಡ ಅನ್ನಬಹುದಾ? ಕ್ಷಮಿಸಿದರೂ ಮದುವೆ ಬೇಡ ಅನ್ನಬಹುದಾ?

ಕಾಲೇಜಿಗೆ ಹೋದಾಗ ಒಬ್ಬ ಮೇಷ್ಟ್ರು ಇಂಥ ಕಾದಂಬರಿಗಳನ್ನೆಲ್ಲ ಒಟ್ಟು ಸೇರಿಸಿ ‘ಅಡುಗೆಮನೆ ಸಾಹಿತ್ಯ’ ಅಂದರು. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ, ಆದರೆ ಎದ್ದು ನಿಂತು ಏನೂ ಹೇಳಲೂ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಅವತ್ತು ಹೇಳಬಹುದಾಗಿದ್ದ ಮಾತು ಆಮೇಲೆ ಸಿಕ್ಕಿತು. ಈ ‘ಹೂಂ’ನ ಕಥೆ ನಿನ್ನೆ ಮೊನ್ನೆಯದಲ್ಲ, ಅಡುಗೆಮನೆಯದು ಮಾತ್ರವೂ ಅಲ್ಲ. ಮಹಾಭಾರತದ ಒಳಗೇ ಇದೆ.

ದಮಯಂತಿಯ ಸ್ವಯಂವರ ನೆನಪಿದೆಯಲ್ವಾ? ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದು ಕೂತಿದ್ದಾರೆ. ಐವರು ನಳರು. ಅವಳ ಕೈಯಲ್ಲಿ ಒಂದೇ ಮಾಲೆ. ನಿಜವಾದ ನಳನನ್ನು ತೋರಿಸಿಕೊಡಿ ಎಂದು ದೇವತೆಗಳನ್ನೇ ಬೇಡಿಕೊಳ್ಳುತ್ತಾಳೆ. ಆಗ ಗುರುತು ಕಾಣುತ್ತದೆ. ನಾಲ್ವರ ಕಣ್ಣು ಮಿಟುಕುವುದಿಲ್ಲ, ಅವರು ಬೆವರುವುದಿಲ್ಲ, ಮುಡಿದ ಹೂವು ಬಾಡಿಲ್ಲ, ಪಾದ ನೆಲಕ್ಕೆ ತಾಗಿಲ್ಲ. ಐದನೆಯವನು ಬೆವರಿದ್ದಾನೆ. ಅವನ ಹೂವು ಬಾಡಿದೆ. ಮೈಮೇಲೆ ಧೂಳಿದೆ. ನೆಲದ ಮೇಲೆ ಅವನ ನೆರಳು ಬಿದ್ದಿದೆ. ದಮಯಂತಿ ಮಾಲೆ ಹಾಕುವುದು ಅವನಿಗೆ.

ಈ ದೃಶ್ಯ ಓದಿದಾಗೆಲ್ಲ ನನ್ನ ಮೈ ಜುಂ ಅನ್ನುತ್ತದೆ. ಸಾವಿಲ್ಲದ ನಾಲ್ವರು ಎದುರಿಗೆ ಕೂತಿದ್ದಾಗ, ಒಬ್ಬ ಹುಡುಗಿ ಬೆವರನ್ನೂ ಬಾಡಿದ ಹೂವನ್ನೂ ಗುರುತು ಹಿಡಿದು ಆರಿಸಿಕೊಳ್ಳುತ್ತಾಳೆ. ಅವನು ದೇವರಲ್ಲ ಎನ್ನುವುದರಿಂದಲೇ ಅವನು ಅವಳವನು. ಕನಕದಾಸರು ಇದೇ ನಳ ದಮಯಂತಿಯರನ್ನು ಭಾಮಿನಿ ಷಟ್ಪದಿಯ ‘ನಳಚರಿತ್ರೆ’ಯಲ್ಲಿ ಕನ್ನಡಕ್ಕೆ ತಂದರು. ಊರೂರಿನಲ್ಲಿ ಗಮಕಿಗಳು ಓದಿದರು, ಯಕ್ಷಗಾನದವರು ಆಡಿದರು. ಅದನ್ನು ಕೇಳುತ್ತಾ ಕಂಬಕ್ಕೆ ಒರಗಿ ಕೂತ ಹೆಂಗಸರಲ್ಲಿ ಎಷ್ಟು ಜನರ ಕೈಗೆ ಯಾವತ್ತಾದರೂ ಆ ಮಾಲೆ ಸಿಕ್ಕಿತ್ತು?

ಇನ್ನೊಂದು ಕಥೆ ಇದಕ್ಕಿಂತ ಕಷ್ಟದ್ದು. ಹೊಯ್ಸಳರ ಕಾಲದ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ರಾಣಿ ಅಮೃತಮತಿ ರಾತ್ರಿ ರಾಜನ ಪಕ್ಕದಲ್ಲಿ ಮಲಗಿದ್ದಾಳೆ. ದೂರದಿಂದ ಆನೆ ಮಾವುತನ ಹಾಡು ಕೇಳಿಬರುತ್ತದೆ. ಆ ದನಿಗೆ ಮನಸ್ಸು ಸೋಲುತ್ತದೆ. ಬೆಳಗ್ಗೆ ಸಖಿಯನ್ನು ಕಳಿಸುತ್ತಾಳೆ. ಸಖಿ ಅವನ ಕುರೂಪ ಕಂಡು ಹೇಸಿಕೊಂಡು ಬರುತ್ತಾಳೆ. ರಾಣಿಯ ಮನಸ್ಸು ಕದಲುವುದಿಲ್ಲ. ಜನ್ನನ ಉದ್ದೇಶ ಅವಳನ್ನು ಹೊಗಳುವುದಲ್ಲ. ಹಿಂಸೆಯ ಪಾಪ ಹೇಗೆ ಜನ್ಮಜನ್ಮಕ್ಕೂ ಬೆನ್ನು ಹತ್ತುತ್ತದೆ ಎಂದು ಹೇಳುವ ಜೈನ ಕಾವ್ಯ ಅದು. ಅವಳು ಗಂಡನಿಗೆ ವಿಷ ಹಾಕುವವರೆಗೂ ಹೋಗುತ್ತಾಳೆ, ಅವಳ ಪರ ವಾದಿಸಲು ನಾನು ಬಂದಿಲ್ಲ. ಆದರೂ ಓದಿದವರನ್ನು ಕೇಳಿ ನೋಡಿ. ಎಷ್ಟೋ ಜನರಿಗೆ ರಾಜ ಬಲಿ ಕೊಡುವ ಹಿಟ್ಟಿನ ಕೋಳಿಗಿಂತ ಮೊದಲು ನೆನಪಾಗುವುದು ಕತ್ತಲಲ್ಲಿ ತೇಲಿಬಂದ ಆ ಹಾಡು. ಬೇಡ ಎಂದು ಹೇಳಲು ಹೊರಟ ಕವಿಯೂ ಆ ರಾತ್ರಿಯನ್ನು ಅಷ್ಟು ಮನಸ್ಸಿಟ್ಟು ಬರೆದಿದ್ದಾನೆ. ಅರಮನೆ, ಕಿರೀಟ, ರೂಪ ಎಲ್ಲ ಇದ್ದೂ ಒಬ್ಬ ಹೆಂಗಸಿನ ಮನಸ್ಸು ತನಗೆ ಬೇಕಾದ ಕಡೆಗೇ ಹರಿಯಿತು ಎನ್ನುವ ಸಂಗತಿಗೆ ಅವನೂ ಬೆರಗಾಗಿರಬೇಕು.

ಕಾಯಿಸುವುದರ ಬಗ್ಗೆಯೂ ಹೇಳಬೇಕು. ನಮ್ಮ ಮನೆಗೆ ‘ಸುಧಾ’ ಬರುತ್ತಿತ್ತು. ಅಪ್ಪ ತರುತ್ತಿದ್ದರು. ಧಾರಾವಾಹಿಯ ಪುಟ ಮೊದಲು ಅಮ್ಮನಿಗೆ. ಕೊನೆಗೆ ‘ಮುಂದುವರಿಯುವುದು’ ಅಂತ ಸಣ್ಣ ಅಕ್ಷರ. ಅಲ್ಲಿಂದ ಮುಂದಿನ ವಾರದವರೆಗೆ ಏಳು ದಿನ. ಆ ಏಳು ದಿನ ಕಥೆ ಅಮ್ಮನ ಜೊತೆ ಒಲೆಯ ಮುಂದೆ, ಬಾವಿಕಟ್ಟೆಯ ಹತ್ತಿರ ಓಡಾಡುತ್ತಿತ್ತು. ಅವನ ಕಾಗದ ಅವಳ ಕೈಗೆ ಸಿಗುತ್ತದಾ? ಅವಳ ಅಪ್ಪ ಜಾತಕ ನೋಡಿ ಏನಂತಾರೆ? ಬರೆಯುವವರು ಸುಮ್ನೆ ಎಳೆಯುತ್ತಾರೆ ಅಂತ ಬೈಯುವವರಿದ್ದರು. ನನಗೆ ಹಾಗೆ ಅನ್ನಿಸಿದ್ದಿಲ್ಲ. ಪ್ರೀತಿಯ ಕಥೆಯಲ್ಲಿ ತಡವೇ ಜೀವ. ಅವಳಿಗೆ ಅವನು ಇಷ್ಟ ಅಂತ ಓದುವ ನಮಗೆ ಮೂರನೇ ಕಂತಿನಲ್ಲೇ ಗೊತ್ತು. ಅವಳಿಗೆ ಅದು ಗೊತ್ತಾಗುವುದು ಹತ್ತನೆಯದರಲ್ಲಿ. ಬಾಯಲ್ಲಿ ಬರುವುದು ಇಪ್ಪತ್ತನೆಯದರಲ್ಲಿ. ನಡುವೆ ನಾವು ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತೇವೆ. ಗೆಳತಿಯ ಗುಟ್ಟನ್ನು ಇಟ್ಟುಕೊಂಡ ಹಾಗೆ.

ತಡ ಅಂದಾಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನೆನಪಾಗುತ್ತದೆ. 1967ರಲ್ಲಿ ಬಂದ ದೊಡ್ಡ ಕಾದಂಬರಿ. ಇಷ್ಟವಿಲ್ಲದ ಮದುವೆಯಿಂದ ತಪ್ಪಿಸಿಕೊಂಡು ಕತ್ತಲಲ್ಲಿ ಕಾಡು ಸೇರುವ ಚಿನ್ನಮ್ಮ ಅದರಲ್ಲಿದ್ದಾಳೆ. ಜೀತದಾಳು ಗುತ್ತಿ ಇದ್ದಾನೆ, ಅವನು ಮನಸ್ಸಿಟ್ಟ ತಿಮ್ಮಿ ಇದ್ದಾಳೆ. ಆಳುಗಳ ಮದುವೆಗೂ ಒಡೆಯನ ಅಪ್ಪಣೆ ಬೇಕಿದ್ದ ಕಾಲದ ಕಥೆ. ಅಂಥ ಇಬ್ಬರು ಓಡಿಹೋಗುವುದಕ್ಕೆ ಕುವೆಂಪು ಕಾಡು, ಮಳೆ, ತುಂಬಿದ ಹೊಳೆ ಎಲ್ಲವನ್ನೂ ಎದುರು ನಿಲ್ಲಿಸುತ್ತಾರೆ. ಗುತ್ತಿಯ ನಾಯಿ ಹುಲಿಯ ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಆ ಪುಟಗಳನ್ನು ಎರಡನೇ ಸಲ ಓದಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಎಲ್ಲ ಕಥೆಯೂ ನನ್ನ ಮಾತಿಗೆ ಸುಲಭವಾಗಿ ಒಗ್ಗುವುದಿಲ್ಲ. 2006ರ ಡಿಸೆಂಬರ್ ಕೊನೆಯಲ್ಲಿ ‘ಮುಂಗಾರು ಮಳೆ’ ಬಂತು. ನಾನಾಗ ಬೆಂಗಳೂರಿನಲ್ಲಿದ್ದೆ. ಚಿಕ್ಕಮ್ಮನ ಮಗಳ ಜೊತೆ ನೋಡಿ, ಅತ್ತು, ಮುಂದಿನ ವಾರ ಇನ್ನೊಮ್ಮೆ ನೋಡಿದೆ. ಊರಿಗೆ ಊರೇ ಹಾಗೆ ನೋಡಿತು. ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಅದರಲ್ಲೂ ಇಬ್ಬರು ಸೇರುವುದಿಲ್ಲ. ಸಿನಿಮಾದುದ್ದಕ್ಕೂ ಬಾಯಿ ಮುಚ್ಚದೆ ಮಾತಾಡುವ ಪ್ರೀತಮ್, ನಂದಿನಿಗೂ ತನ್ನ ಮೇಲೆ ಮನಸ್ಸಾಗಿದೆ ಅಂತ ಗೊತ್ತಾದ ಮೇಲೆಯೂ ಅವಳ ಮನೆಯವರ ನೆಮ್ಮದಿಗಾಗಿ ಬಿಟ್ಟುಕೊಟ್ಟು ಹೊರಡುತ್ತಾನೆ. ಅವತ್ತು ಅದು ನನಗೆ ದೊಡ್ಡ ತ್ಯಾಗವಾಗಿ ಕಂಡಿತ್ತು.

ಕೆಲವು ವರ್ಷದ ಹಿಂದೆ ಟಿ.ವಿ.ಯಲ್ಲಿ ಬಂದಾಗ ಮಗಳ ಜೊತೆ ಕೂತು ನೋಡಿದೆ. ಅವಳಿಗೆ 15 ವರ್ಷ. ಮುಗಿದ ಮೇಲೆ ಅವಳು ಅಳಲಿಲ್ಲ. “ಅಮ್ಮ, ನಂದಿನಿನ ಯಾರೂ ಯಾಕೆ ಕೇಳಲಿಲ್ಲ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಕಾಂಪೌಂಡಿನ ಹತ್ತಿರ ನಿಂತು ಕೇಳುತ್ತಿದ್ದ ಪ್ರಶ್ನೆಯೇ ಅದು. ನಾನು ನಡುವೆ ಎಲ್ಲೋ ಮರೆತಿದ್ದೆ. ಆಮೇಲೆ ಯೋಚಿಸುತ್ತಾ ಹೀಗನ್ನಿಸಿತು. ನಂದಿನಿಯ ‘ಹೂಂ’ ಪರದೆಯ ಮೇಲೆ ಲೆಕ್ಕಕ್ಕೆ ಬರಲಿಲ್ಲ, ನಿಜ. ಆದರೆ ಥಿಯೇಟರಿನಲ್ಲಿ ಕೂತ ನಾವು ಅಷ್ಟೂ ಜನ ಅದನ್ನು ಕೇಳಿಸಿಕೊಂಡಿದ್ದೆವು. ಮನೆಗೆ ಹೊತ್ತು ತಂದಿದ್ದೆವು. ಅಳು ಬಂದದ್ದು ಅದಕ್ಕೇ. ಮತ್ತೆ ಮತ್ತೆ ನೋಡಲು ಹೋದದ್ದೂ ಅದಕ್ಕೇ ಇರಬೇಕು. ಈ ಸಲವಾದರೂ ಯಾರಾದರೂ ಕೇಳುತ್ತಾರೇನೋ ಅಂತ.

ಮದುವೆಯಾದ ಮೇಲೆ ಹುಟ್ಟುವ ಪ್ರೀತಿಯ ಮಾತು ಬೇರೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಿಂದ ಕನ್ನಡದ ಮನೆಗಳಲ್ಲಿದೆ. ಮದುವೆಯ ಉಡುಗೊರೆಯಾಗಿ ಜನ ಅದನ್ನು ಕೊಟ್ಟುಕೊಂಡರು. ಮಾವನ ಮನೆ, ತವರು, ಹೆಂಡತಿಯ ಮುನಿಸು, ಅವಳನ್ನು ಕಾಯುವ ಗಂಡ. ಯಾರೋ ಗೊತ್ತುಮಾಡಿದ ಮದುವೆಯ ಒಳಗೇ ಇಬ್ಬರು ಒಬ್ಬರನ್ನೊಬ್ಬರು ಮೆಲ್ಲಗೆ ಆರಿಸಿಕೊಳ್ಳಬಹುದು ಅಂತ ಆ ಪದ್ಯಗಳು ತೋರಿಸಿದವು. ನಮ್ಮ ಮನೆಯಲ್ಲೂ ಅದರ ಪ್ರತಿ ಇದೆ. ಮೊದಲ ಪುಟದಲ್ಲಿ ಅಮ್ಮನ ಹೆಸರಿದೆ, ಅಪ್ಪನ ಕೈಬರಹದಲ್ಲಿ.

ಅಪ್ಪ ಕಾದಂಬರಿ ಓದುವವರಲ್ಲ. ಅಮ್ಮನ ಓದಿನ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಹೇಳುತ್ತಿರಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳು ಲೈಬ್ರರಿಗೆ ಹೋಗಲು ನನಗೆ ಆಗಲಿಲ್ಲ. ಒಂದು ಸಂಜೆ ಅಪ್ಪ ಅಂಗಡಿಯಿಂದ ಬರುವಾಗ ಚೀಲದಿಂದ ಒಂದು ಕಾದಂಬರಿ ತೆಗೆದು ಮೇಜಿನ ಮೇಲಿಟ್ಟರು. ಅಮ್ಮ ಕೈಯೊರೆಸಿಕೊಂಡು ಬಂದು 17ನೇ ಪುಟ ತೆಗೆದಳು. ಚುಕ್ಕೆ ಇರಲಿಲ್ಲ. “ಓದಿಲ್ಲದ್ದೇ ಸಿಕ್ಕಿದೆಯಲ್ಲ!” ಅಂದಳು. “ನೋಡ್ಕೊಂಡೇ ತಂದೆ” ಅಂದರು ಅಪ್ಪ, ಚಪ್ಪಲಿ ಬಿಡುತ್ತಾ. ಆ ಚುಕ್ಕೆಯ ವಿಷಯ ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಅಮ್ಮನೂ ಹೇಳಿರಲಿಲ್ಲವಂತೆ.

ಆ ಲೈಬ್ರರಿ ಮುಚ್ಚಿ ಬಹಳ ವರ್ಷವಾಯಿತು. ಈಗ ಬ್ಲೌಸ್ ಹೊಲಿಸಲು ಹೋದರೆ, ಟೈಲರ್ ಅಂಗಡಿಯ ಹುಡುಗಿ ಮಿಷನ್ ಪಕ್ಕದಲ್ಲಿ ಮೊಬೈಲ್ ಒರಗಿಸಿಟ್ಟು ಧಾರಾವಾಹಿ ಓದುತ್ತಿರುತ್ತಾಳೆ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಎಷ್ಟೋ ಹೆಣ್ಣುಮಕ್ಕಳು ಮನೆಗೆಲಸದ ನಡುವೆ ಇಂಥ ಕಥೆಗಳನ್ನು ತಾವೇ ಬರೆಯುತ್ತಿದ್ದಾರೆ. ಮುಂದಿನ ಕಂತು ನಾಳೆ. ಒಂದು ದಿನ ಅವಳನ್ನು “ಏನಾಯ್ತು?” ಅಂತ ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ, “ಇನ್ನೂ ಹೇಳಿಲ್ಲ ಅಕ್ಕಾ” ಅಂದಳು. ಯಾರು, ಏನನ್ನು ಅಂತ ನಾನು ಕೇಳಬೇಕಾಗಲಿಲ್ಲ.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಮ್ಮನಿಗೆ ಈಗ ಕಣ್ಣು ಮಂಜು, ಓದಲು ಆಗುವುದಿಲ್ಲ. ಸಂಜೆ ನಾನು ಓದಿ ಹೇಳುತ್ತೇನೆ. ಅವರೆಕಾಯಿ ಸುಲಿಯುತ್ತಾ ಕೇಳುತ್ತಾಳೆ. ಅಪ್ಪ ಒಳಗೆ ರೇಡಿಯೊ ಹಾಕಿಕೊಂಡಿದ್ದರು. ಪುಸ್ತಕ ಪಕ್ಕಕ್ಕಿಟ್ಟು ಕೇಳಿದೆ.

“ಅಮ್ಮ, ಅವತ್ತು ನೋಡೋಕೆ ಬಂದಿದ್ರಲ್ಲ, ತಾತ ನಿನ್ನ ಕೇಳಿದ್ರೆ ಏನಂತಿದ್ದೆ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸುಲಿದ ಕಾಳನ್ನು ಬೆರಳಲ್ಲಿ ಆಡಿಸುತ್ತಾ ಒಳಗಿನ ರೇಡಿಯೊದ ಕಡೆಗೊಮ್ಮೆ ನೋಡಿದಳು.

“ಹೂಂ ಅಂತಿದ್ದೆ ಕಣೇ” ಅಂದಳು. “ಆದ್ರೆ ಎರಡು ದಿನ ಬಿಟ್ಟು ಹೇಳ್ತಿದ್ದೆ.”